ತ್ರಿತಾಲೂಕು ನೌಕಾಪಡೆ: ಯೋಜನೆ ಬರೆಯುವವರಿಗೆ ಕೈಪಿಡಿ

ಈ ಕೈಪಿಡಿ ಯಾರಿಗೆ

ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲೂಕು ಕೂಡಿದ ಪುಟ್ಟ, ದೂರದ ಕಡಲ ರಾಷ್ಟ್ರಕ್ಕೆ 2050ರ ಹೊತ್ತಿಗೆ ಎಂಥ ನೌಕಾಪಡೆ ಇರಬೇಕು ಎಂದು ವರದಿ ಬರೆಯುವ ಹೊಣೆ ನಿಮ್ಮ ತಲೆಗೆ ಬಂದಿದೆ. ಅಭಿನಂದನೆಗಳು. ಮೊದಲ ಸಭೆಯಲ್ಲೇ 'ಕಡಲು ಎಲ್ಲದ?' ಎಂದು ಕೇಳಿದ ಸದಸ್ಯರನ್ನು ಎರಡನೇ ಸಭೆಗೆ ಕರೆಯತಕ್ಕದ್ದಲ್ಲ.

ಆಳಂದದಿಂದ ಪಡುವಣಕ್ಕೆ ನೇರ ಗೆರೆ ಎಳೆದರೂ ಅರಬ್ಬಿ ಸಮುದ್ರ 300 ಕಿ.ಮೀ.ಗಿಂತ ಆಚೆಗಿದೆ, ನಡುವೆ ಸಹ್ಯಾದ್ರಿ ಅಡ್ಡ ಮಲಗಿದೆ ಎಂಬುದು ನಿಜ. ಅದಕ್ಕೆ ಹೆದರಬೇಕಿಲ್ಲ. ಮಂಗೋಲಿಯಾಕ್ಕೆ ಕಡಲಿಲ್ಲ, ಖುವ್ಸ್‌ಗುಲ್ ಎಂಬ ಸರೋವರದಲ್ಲಿ 'ಸುಖಬಾತರ್' ಹೆಸರಿನ ಒಂದು ಟಗ್ ದೋಣಿ ಇಟ್ಟುಕೊಂಡೇ ಅದು ನೌಕಾಪಡೆ ಇರುವ ದೇಶವೆಂದು ಹೆಸರು ಮಾಡಿತು. ಅದರ ಏಳು ನಾವಿಕರಲ್ಲಿ ಒಬ್ಬನಿಗೆ ಮಾತ್ರ ಈಜು ಬರುತ್ತದೆ ಎಂದು ಜನ ಆಡಿಕೊಂಡು ನಗುತ್ತಿದ್ದರು. ಬೊಲಿವಿಯಾದ್ದು ಇನ್ನೂ ಗಟ್ಟಿ ಗುಂಡಿಗೆ. 1879ರಲ್ಲಿ ಶುರುವಾದ ಯುದ್ಧದಲ್ಲಿ ಇದ್ದ ಕರಾವಳಿಯನ್ನೆಲ್ಲ ಚಿಲಿಗೆ ಕಳೆದುಕೊಂಡ ಆ ದೇಶ ಇಂದಿಗೂ ಟಿಟಿಕಾಕಾ ಸರೋವರದಲ್ಲಿ ನೌಕಾಪಡೆ ಸಾಕುತ್ತದೆ, ಪ್ರತಿ ಮಾರ್ಚ್ 23ಕ್ಕೆ 'ಸಮುದ್ರ ದಿನ' ಆಚರಿಸುತ್ತದೆ. ಕಡಲ ದಾರಿ ಬೇಕೆಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಗಿ 2018ರಲ್ಲಿ ಸೋತು ಬಂದಿತು. ಬಂದ ಮೇಲೂ ಹಡಗು ಮಾರಲಿಲ್ಲ.

ಮೂರು ತಾಲೂಕುಗಳ ನಡುವೆ ಹಿರಿತನದ ಜಗಳ ಬಂದೀತೆಂಬ ಅಂಜಿಕೆಯೂ ಬೇಡ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ಮೂರನ್ನೂ 'ಅತ್ಯಂತ ಹಿಂದುಳಿದ' ಎಂಬ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡಿಸಿದೆ. ಎಲೆ ಹಾಕಿ ಆಗಿದೆ, ಬಡಿಸುವುದು ನಡೆದೇ ಇದೆ.

ಹಂತ 1: ಕಡಲನ್ನು ಗುರುತಿಸುವುದು

ನಿಮ್ಮ ಕಡಲಿನ ಹೆಸರು ಭೀಮಾ. ಭೀಮಾಶಂಕರದ ಬೆಟ್ಟದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, 861 ಕಿ.ಮೀ. ಹರಿದು ರಾಯಚೂರು ಸೀಮೆಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಅಫಜಲಪುರ ತಾಲೂಕಿಗೆ ಅದು ತೆಂಕಣ ಗಡಿ, ಜೇವರ್ಗಿಗೆ ಬಡಗಣ ಗಡಿ. ಹೀಗಾಗಿ ಒಂದೇ ಹೊಳೆ ದಾಟಿದರೆ ಅಫಜಲಪುರದವರು ವಿಜಯಪುರ ಜಿಲ್ಲೆಯಲ್ಲಿರುತ್ತಾರೆ, ಜೇವರ್ಗಿಯವರು ಕಲಬುರಗಿ ಪೇಟೆಯ ದಾರಿ ಹಿಡಿಯುತ್ತಾರೆ.

ಉಬ್ಬರ ಇಳಿತದ ಕೋಷ್ಟಕ ಬರೆಯಲು ಚಂದ್ರನನ್ನು ನೋಡುತ್ತ ಕೂರಬೇಡಿ. ಆ ಕೋಷ್ಟಕ ತಯಾರಾಗುವುದು ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟೆಯಲ್ಲಿ. ಅದರ ಹೊಟ್ಟೆ ಸುಮಾರು 117 ಟಿಎಂಸಿ. ಅದರಲ್ಲಿ ಅರ್ಧಕ್ಕೂ ಹೆಚ್ಚು ತಳದಲ್ಲಿ ಉಳಿಯುವ ಡೆಡ್ ಸ್ಟೋರೇಜ್. ಬೇಸಿಗೆಯಲ್ಲಿ ಆ ತಳದ ನೀರಿಗೂ ಕೈ ಹಾಕುವುದರಿಂದ ಸೊಲ್ಲಾಪುರದ ಪತ್ರಿಕೆಗಳು ಜಲಾಶಯದ ಮಟ್ಟವನ್ನು 'ಮೈನಸ್' ಶೇಕಡಾ ಲೆಕ್ಕದಲ್ಲಿ ಅಚ್ಚು ಹಾಕುತ್ತವೆ. ಸೊನ್ನೆಗಿಂತ ಕಡಿಮೆ ನೀರಿರುವ ಕಡಲು ಲೋಕದಲ್ಲಿ ಬೇರೆ ಯಾವ ನೌಕಾಪಡೆಗೂ ದಕ್ಕಿಲ್ಲ. ಇದನ್ನು ವರದಿಯ ಮುನ್ನುಡಿಯಲ್ಲಿ ಹೆಮ್ಮೆಯಿಂದ ದಾಖಲಿಸಬಹುದು.

ಮಳೆಗಾಲದಲ್ಲಿ ಲೆಕ್ಕ ತಿರುಗುತ್ತದೆ. ಉಜನಿಯಿಂದ ಬಿಟ್ಟಿದ್ದು, ನೀರಾ ನದಿಯ ವೀರ್ ಅಣೆಕಟ್ಟೆಯಿಂದ ಬಿಟ್ಟಿದ್ದು, ಸೀನಾ ತನ್ನಷ್ಟಕ್ಕೆ ತಂದದ್ದು, ಇವೆಲ್ಲ ಕೂಡಿ ಅಫಜಲಪುರದ ಸೊನ್ನ ಬ್ಯಾರೇಜಿಗೆ ಬಡಿಯುತ್ತವೆ. ಇಲ್ಲಿ ಒಂದು ಹನಿ ಬೀಳದೆ, ಬಿಸಿಲು ಕಾಯುತ್ತಿರುವಾಗಲೇ ಹೊಳಿ ಬಂದುಬಿಡಬಹುದು. 'ಎಷ್ಟ್ ಬಿಟ್ಟಾರಂತ?' ಎಂಬುದು ದಂಡೆಯ ಹಳ್ಳಿಗಳಲ್ಲಿ ಹವಾಮಾನ ಕೇಳುವ ರೀತಿ. ಉತ್ತರ ಸಾವಿರ ಕ್ಯೂಸೆಕ್‌ಗಳಲ್ಲಿದ್ದರೆ ಚಹಾ ಕುಡಿಯುತ್ತಾರೆ, ಲಕ್ಷಗಳಲ್ಲಿದ್ದರೆ ಪಂಪ್‌ಸೆಟ್ ಬಿಚ್ಚಲು ಓಡುತ್ತಾರೆ. ನಿಮ್ಮ ಬೇಹುಗಾರಿಕೆ ವಿಭಾಗಕ್ಕೆ ಉಪಗ್ರಹ ಬೇಡ; ಉಜನಿ ಗೇಟಿನ ಹತ್ತಿರ ಒಬ್ಬ ಬೀಗರನ್ನು ಮಾಡಿಕೊಂಡರೆ ಸಾಕು.

ಕಡಲ ಕಾನೂನು ಎಂಬ ಅಧ್ಯಾಯದಲ್ಲಿ ವಿಶ್ವಸಂಸ್ಥೆಯ ಒಪ್ಪಂದವನ್ನು ತುಂಬಿಸಬೇಡಿ. ಇಲ್ಲಿ ನಡೆಯುವುದು ಕೃಷ್ಣಾ ಕಣಿವೆಯ ನೀರು ಹಂಚಿದ ಬಚಾವತ್ ನ್ಯಾಯಮಂಡಳಿಯ ಮಾತು. 1976ರ ಅಂತಿಮ ಐತೀರ್ಪು ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕ 15 ಟಿಎಂಸಿ ಮೀರಿ ಬಳಸಕೂಡದು ಎಂದಿತು. ಪ್ರವಾಹದ ವಾರದಲ್ಲಿ ಮನೆಯೊಳಗೆ ನುಗ್ಗಿದ ನೀರು ಈ 15ರಲ್ಲಿ ಜಮೆಯೋ ಇಲ್ಲವೋ ಎಂದು ಕೇಳುವ ಕಿಡಿಗೇಡಿ ಸದಸ್ಯರು ಪ್ರತಿ ಸಮಿತಿಯಲ್ಲಿ ಒಬ್ಬರಿರುತ್ತಾರೆ. ಪ್ರಶ್ನೆಯನ್ನು ನಡಾವಳಿಯಲ್ಲಿ ಬರೆದುಕೊಳ್ಳಿ, ಉತ್ತರ ಬರೆಯಬೇಡಿ.

ಇನ್ನೊಂದು ದಾಖಲೆ ನಿಮ್ಮ ಕೈ ಬಲಪಡಿಸುತ್ತದೆ. 2016ರಲ್ಲಿ ಸಂಸತ್ತು ರಾಷ್ಟ್ರೀಯ ಜಲಮಾರ್ಗಗಳ ಕಾಯ್ದೆ ಮಾಡಿ ದೇಶದ 111 ಜಲಮಾರ್ಗಗಳನ್ನು ಪಟ್ಟಿ ಮಾಡಿತು. ಅದರಲ್ಲಿ 21ನೆಯದು ಭೀಮಾ. ಅಂದರೆ ಕಾಗದದ ಮೇಲೆ ಇದು ಗಂಗೆ, ಬ್ರಹ್ಮಪುತ್ರೆಗಳ ಜೊತೆ ಕೂಡುವ ಹೆದ್ದಾರಿ. ದಂಡೆಗೆ ಹೋಗಿ ನೋಡಿದರೆ ಸೊನ್ನ, ಘತ್ತರಗಿ, ಗಾಣಗಾಪುರ, ಕಲಬುರಗಿ ನಗರಕ್ಕೆ ಕುಡಿಯುವ ನೀರು ಕೊಡುವ ಸರಡಗಿ, ಹೀಗೆ ಒಂದಾದ ಮೇಲೊಂದು ಬ್ಯಾರೇಜ್. ಹಡಗನ್ನು ಈ ಕಡೆಯಿಂದ ಎತ್ತಿ ಆ ಕಡೆ ಇಳಿಸುವ ಏರ್ಪಾಡು ಯಾವುದಕ್ಕೂ ಇಲ್ಲ. ಆದ್ದರಿಂದ ಸೊನ್ನದಲ್ಲಿ ನೀರಿಗಿಳಿಸಿದ ಯುದ್ಧನೌಕೆ ಸೊನ್ನದಲ್ಲೇ ನಿವೃತ್ತಿ ಹೊಂದಬೇಕು. ಮೂರು ಪಡೆ ಕಟ್ಟುತ್ತೀರೋ, ಬ್ಯಾರೇಜಿಗೊಂದು ಪಡೆ ಕಟ್ಟುತ್ತೀರೋ ಈಗಲೇ ತೀರ್ಮಾನಿಸಿ. ಅಥವಾ ತಲೆಯ ಮೇಲೆ ಹೊತ್ತುಕೊಂಡು ದಾಟಿಸಬಹುದಾದ ಹಡಗು ಹುಡುಕಿ. ಅಂಥದ್ದೊಂದಿದೆ, ಹಂತ 3ರಲ್ಲಿ ಬರುತ್ತದೆ.

ಹಂತ 2: ಆಳಂದದ ಸಮಾಧಾನ

ಆಳಂದಕ್ಕೆ ಭೀಮೆಯ ದಂಡೆ ಇಲ್ಲ. ಇರುವುದು ಅಮರ್ಜಾ, ಅದಕ್ಕೆ ಕೋರಳ್ಳಿಯ ಹತ್ತಿರ ಒಂದು ಅಣೆಕಟ್ಟು. ಆ ಅಮರ್ಜಾ ಇಳಿದುಬಂದು ದೇವಲ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ. ಆ ಸಂಗಮದಲ್ಲೇ ಮಿಂದು, ದತ್ತನ ಪಾದುಕೆಗೆ ನಮಸ್ಕರಿಸಿ, ಐದು ಮನೆ ಮಧುಕರಿ ಬೇಡಿ ಹೋಗುವ ಮಹಾರಾಷ್ಟ್ರದ ಭಕ್ತರಿಗೆ ತಾವು ನಿಂತಿರುವುದು ಒಂದು ಸಂಯುಕ್ತ ರಾಷ್ಟ್ರದ ಮುಖ್ಯ ಬಂದರಿನಲ್ಲಿ ಎಂದು ಗೊತ್ತಿರುವುದಿಲ್ಲ.

ಆಳಂದದ ಪ್ರತಿನಿಧಿ 'ನಮಗೇನು?' ಎಂದು ಕೇಳಿಯೇ ಕೇಳುತ್ತಾರೆ. ನೌಕಾ ಅಕಾಡೆಮಿ ಕೊಡಿ. 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಕಡಗಂಚಿಯಲ್ಲಿದೆ, ಜಾಗಕ್ಕೆ ಕೊರತೆಯಿಲ್ಲ, ಗಾಳಿ ಚೆನ್ನಾಗಿದೆ. ನೀರು ಕಾಣದೆ ನೌಕಾಯುದ್ಧ ಕಲಿಸುವುದು ಹೇಗೆ ಎಂದರೆ, ಊರು ಕಾಣದೆ ಗ್ರಾಮೀಣಾಭಿವೃದ್ಧಿ ಯೋಜನೆ ಬರೆಯುವವರನ್ನು ತೋರಿಸಿ.

ಪರಂಪರೆ ಎಂಬ ಅಧ್ಯಾಯವನ್ನು ಬಿಡಬೇಡಿ

ಹಳೆಯ ವೈಭವವಿಲ್ಲದ ನೌಕಾಯೋಜನೆಗೆ ಯಾರೂ ದುಡ್ಡು ಕೊಡುವುದಿಲ್ಲ. ಅದೃಷ್ಟಕ್ಕೆ ಇಲ್ಲಿ ವೈಭವ ಕೂಡಿಸಿ ಕಟ್ಟುವ ಅಗತ್ಯವಿಲ್ಲ, ನಿಜವಾದದ್ದೇ ಇದೆ.

ಬಹಮನಿ ಸುಲ್ತಾನರು 1347ರಲ್ಲಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡರು. ಅವರಲ್ಲಿ ಫಿರೋಜ್ ಷಾ ಎಂಬಾತ ಭೀಮೆಯ ದಂಡೆಯ ಮೇಲೆಯೇ, ಈಗ ಜೇವರ್ಗಿಗೆ ಹೋಗುವ ದಾರಿಯ ಕಡೆ, ಫಿರೋಜಾಬಾದ್ ಎಂಬ ಕೋಟೆ ಅರಮನೆಯ ಊರು ಕಟ್ಟಿಸಿದ. ಅದರ ಗೋಡೆ, ಬಾಗಿಲು, ಹಮಾಮುಗಳ ಅವಶೇಷ ಜಾಲಿಕಂಟಿಯ ನಡುವೆ ಇವತ್ತಿಗೂ ನಿಂತಿವೆ. ಈತ ಪ್ರತಿವರ್ಷ ಗೋವಾ ಮತ್ತು ಚೌಲ್ ಬಂದರುಗಳಿಂದ ಹಡಗು ಕಳಿಸುತ್ತಿದ್ದನಂತೆ. ದೇಶದೇಶದ ಸರಕು ಮಾತ್ರವಲ್ಲ, ವಿದ್ಯಾವಂತರನ್ನೂ ತುಂಬಿಕೊಂಡು ಬರಬೇಕೆಂಬುದು ಅಪ್ಪಣೆಯಾಗಿತ್ತೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಭೀಮಾ ದಂಡೆಯಲ್ಲಿ ಕೂತು ಪರದೇಶದಿಂದ ಪಂಡಿತರನ್ನು ಹಡಗಿನಲ್ಲಿ ತರಿಸಿಕೊಂಡ ದೊರೆ! ಈಗ ಇದೇ ದಂಡೆಯ ಓದಿದ ಹುಡುಗರು ಪುಣೆ, ಬೆಂಗಳೂರು, ಹೈದರಾಬಾದಿಗೆ ರೈಲು ಹತ್ತುತ್ತಾರೆ. ಸಾಗಣೆಯ ದಿಕ್ಕು ಬದಲಾಗಿದೆ ಎಂದಷ್ಟೇ ಬರೆಯಿರಿ.

ಆತನ ಇನ್ನೊಂದು ಸಾಹಸ ನಿಮ್ಮ ಯೋಜನೆಗೆ ನೇರ ಬೇಕಾದದ್ದು. 1398ರ ಹೊತ್ತಿಗೆ ವಿಜಯನಗರದ ಸೈನ್ಯ ಕೃಷ್ಣೆಯ ಆಚೆ ದಂಡೆಯಲ್ಲಿ ಬೀಡುಬಿಟ್ಟಿತ್ತು, ಹೊಳೆ ತುಂಬಿ ಹರಿಯುತ್ತಿತ್ತು. ದಾಟುವ ಧೈರ್ಯ ಯಾರಿಗೂ ಇಲ್ಲ. ಆಗ ಕಾಜಿ ಸಿರಾಜ್ ಎಂಬಾತ ಕೆಲವು ಗೆಳೆಯರೊಡನೆ ಫಕೀರರ ವೇಷದಲ್ಲಿ ಆಚೆ ಹೋಗಿ, ಕುಣಿಯುವವರ ಮೇಳ ಸೇರಿ, ರಾಯನ ಮಗನ ಡೇರೆಯಲ್ಲಿ ಕಠಾರಿ ಹಿಡಿದು ಕುಣಿಯುತ್ತ ಕುಣಿಯುತ್ತ ಅವನನ್ನು ತಿವಿದು ಕೊಂದನೆಂದು ಫೆರಿಷ್ತಾನ ಕಥೆ. ಬೀಡಿನಲ್ಲಿ ಗದ್ದಲ ಎದ್ದಾಗ ಈಚೆ ದಂಡೆಯಿಂದ ಸುಲ್ತಾನನ ಸೈನ್ಯ ತೊಗಲು ಹೊದಿಸಿದ ಬುಟ್ಟಿಗಳಲ್ಲಿ ಹೊಳೆ ದಾಟಿತು. ಆ ಬುಟ್ಟಿ ಎಂದರೆ ಹರಗೋಲು. ಒಂದು ಸಾಮ್ರಾಜ್ಯದ ದಂಡನ್ನು ಪ್ರವಾಹದ ರಾತ್ರಿ ದಾಟಿಸಿದ ಹಡಗು ಅದು. ನೂರಿಪ್ಪತ್ತು ವರ್ಷ ಕಳೆದು, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯಸ್ ತುಂಗಭದ್ರೆಯಲ್ಲಿ ಅದನ್ನೇ ಕಂಡು, ಜನರಷ್ಟೇ ಅಲ್ಲ ಕುದುರೆ ಎತ್ತುಗಳೂ ಅದರಲ್ಲಿ ದಾಟುತ್ತವೆ ಎಂದು ಬೆರಗಾಗಿ ಬರೆದಿಟ್ಟ.

ಹಂತ 3: ಹಡಗಿನ ಆಯ್ಕೆ

ಇಲ್ಲಿ ನಿಧಾನ ಮಾಡಿ. ಪುಟ್ಟ ರಾಷ್ಟ್ರಗಳು ಎಡವುವುದೇ ಇಲ್ಲಿ.

ಯಾವ ನೌಕಾಪಡೆಯಲ್ಲೂ ಒಂದು ಹಡಗು ನೀರಿನ ಮೇಲೆ ಕೆಲಸಕ್ಕಿರಬೇಕೆಂದರೆ ಮೂರು ಕೊಳ್ಳಬೇಕು: ಒಂದು ಕೆಲಸಕ್ಕೆ, ಒಂದು ರಿಪೇರಿಗೆ, ಒಂದು ತರಬೇತಿಗೆ. ಈ ಸೂತ್ರ ಕೇಳಿ ಗಾಬರಿಯಾಗುವವರು ತಾಲೂಕು ಕಚೇರಿಯ ಜೀಪುಗಳನ್ನು ನೋಡಿರಲಿಕ್ಕಿಲ್ಲ.

ನ್ಯೂಜಿಲೆಂಡನ್ನು ಗಮನಿಸಿ. ಜನಸಂಖ್ಯೆ ಅರ್ಧ ಕೋಟಿ ದಾಟಿದೆ, ಕಾಯಬೇಕಾದ ಕಡಲು ಸುಮಾರು 40 ಲಕ್ಷ ಚದರ ಕಿ.ಮೀ., ಹಡಗು ಇದ್ದದ್ದು ಒಂಬತ್ತು. ಆ ಒಂಬತ್ತರಲ್ಲಿ ಮೂರನ್ನು ಓಡಿಸಲು ಜನ ಸಾಲದೆ ದಡಕ್ಕೆ ಕಟ್ಟಿಹಾಕಬೇಕಾಯಿತು. ಹಡಗಿದೆ, ನಾವಿಕನಿಲ್ಲ. ಇನ್ನು 'ಮನವಾನುಯಿ' ಎಂಬ ಸಮೀಕ್ಷಾ ನೌಕೆ, ನಾರ್ವೆಯಿಂದ ಸೆಕೆಂಡ್‌ಹ್ಯಾಂಡ್ ತಂದದ್ದು, 2019ರಲ್ಲಿ ಪಡೆಗೆ ಸೇರಿದ್ದು, 2024ರ ಅಕ್ಟೋಬರ್‌ನಲ್ಲಿ ಸಮೋವಾದ ಹವಳದ ಬಂಡೆಗೆ ಬಡಿದು ಮುಳುಗಿತು. ಅದರಲ್ಲಿದ್ದ 75 ಮಂದಿಯೂ ಬದುಕಿದರು, ಅದೊಂದು ಪುಣ್ಯ. ವಿಚಾರಣೆ ಮಾಡಿ ನೋಡಿದರೆ ಯಂತ್ರದಲ್ಲಿ ದೋಷವೇ ಇರಲಿಲ್ಲ. ಹಡಗು ಆಟೊಪೈಲಟ್‌ನಲ್ಲಿತ್ತು, ಯಾರೂ ಅದನ್ನು ಆಫ್ ಮಾಡಿರಲಿಲ್ಲ. ಕಡಲಿನ ತಳ ಅಳೆಯಲು ಹೋದ ಹಡಗು ಕಡಲಿನ ತಳ ಸೇರಿದ ಈ ಪ್ರಕರಣವನ್ನು ಸಮಿತಿಯಲ್ಲಿ ಓದಿ ಹೇಳಿ, ಆಮೇಲೆ ಕೊಟೇಶನ್ ಕರೆಯಿರಿ.

ಈಗ ನಮ್ಮ ನೀರಿಗೆ ಬರೋಣ. ಪ್ರವಾಹ ಬಂದಾಗ ಹೊರಗಿನಿಂದ ಬರುವುದು ರಬ್ಬರ್ ಬೋಟು: ಕಿತ್ತಳೆ ಬಣ್ಣ, ಗಾಳಿ ತುಂಬಿದ್ದು, ಹಿಂದೊಂದು ಮೋಟಾರು. ಒಳ್ಳೆಯ ಸಾಧನ, ಜೀವ ಉಳಿಸಿದೆ, ಹೀಗಳೆಯಬಾರದು. ಆದರೆ ಭೀಮೆಯ ದಂಡೆ ಎಂದರೆ ಬಳ್ಳಾರಿ ಜಾಲಿ. ಹೊಳಿ ಏರಿದಾಗ ಆ ಜಾಲಿ ನೀರಿನೊಳಗೆ ಅಡಗಿ, ಬೆರಳುದ್ದದ ಮುಳ್ಳುಗಳನ್ನು ಮೇಲ್ಮುಖ ಮಾಡಿ ನಿಂತಿರುತ್ತದೆ. ಅದರ ಪಕ್ಕದಲ್ಲೇ ಮುಳುಗಿದ ಕಬ್ಬಿನ ಪಡ, ಅದರಾಚೆ ತೊಗರಿ ಹೊಲ, ಹೊಲಕ್ಕೆ ಕಟ್ಟಿದ ತಂತಿಬೇಲಿ. ಮೋಟಾರಿನ ರೆಕ್ಕೆಗೆ ಕಬ್ಬಿನ ರವದಿ ಸುತ್ತಿಕೊಳ್ಳುತ್ತದೆ, ಬೋಟಿನ ಹೊಟ್ಟೆಗೆ ಮುಳ್ಳು ತಾಗುತ್ತದೆ. ಮುಂದೆ ಕೂತ ಊರಿನ ಅಂಬಿಗ ಹೇಳುವುದು ಇಷ್ಟೇ: 'ಸಾಹೇಬ್ರ, ಮಷಿನ್ ಬಂದ್ ಮಾಡ್ರಿ. ಇಲ್ಲಿ ಕೆಳಗ ನಮ್ಮ ಕಾಕಾನ ಬೇಲಿ ಅದ.' ಸೋನಾರ್ ಎಂಬ ಯಂತ್ರಕ್ಕೆ ಕೋಟಿ ಕೊಟ್ಟರೂ ಅದು ಕಾಕಾನ ಬೇಲಿ ತೋರಿಸುವುದಿಲ್ಲ.

ಹರಗೋಲಿನ ತಾಂತ್ರಿಕ ವಿವರ ವರದಿಯ ಅನುಬಂಧಕ್ಕೆ ಹೀಗಿರಲಿ. ಸೀಳಿದ ಬಿದಿರು ಪಟ್ಟಿಯನ್ನು ದುಂಡಗೆ, ಅಗಲ ಬಾಯಿಯ ಬುಟ್ಟಿಯಾಗಿ ಹೆಣೆಯುವುದು. ಹೊರಮೈಗೆ ಹಿಂದೆ ಎಮ್ಮೆಯ ತೊಗಲು ಇತ್ತು. ಈಗ ತಾಡಪತ್ರಿ ಅಥವಾ ಹೊಲಿದು ಜೋಡಿಸಿದ ಗೊಬ್ಬರದ ಚೀಲ, ಅದರ ಮೇಲೆ ಕಾಯಿಸಿದ ಡಾಂಬರು. ಡಾಂಬರು ಹಚ್ಚುವಾಗ ಅವಸರ ಮಾಡಿದರೆ ಹೆಣಿಗೆಯ ಸಂದಿನಲ್ಲಿ ಗುಳ್ಳೆ ಉಳಿದು ಮೊದಲ ದಾಟಿನಲ್ಲೇ ನೀರು ಜಿನುಗುತ್ತದೆ. ಗೇಣು ನೀರಿದ್ದರೆ ತೇಲುತ್ತದೆ. ಮೂತಿ ಇಲ್ಲ, ಬಾಲ ಇಲ್ಲ, ಆದ್ದರಿಂದ ತಿರುಗಿಸುವ ಸಮಸ್ಯೆಯೂ ಇಲ್ಲ, ಅದೇ ತಿರುಗುತ್ತಿರುತ್ತದೆ. ಒಂದೇ ಹುಟ್ಟು, ನೀರು ಕಡಿಮೆಯಿದ್ದರೆ ಒಂದು ಗಳ. ಇಂಧನ ರೊಟ್ಟಿ. ಬ್ಯಾರೇಜ್ ಅಡ್ಡ ಬಂದರೆ ಕವುಚಿ ತಲೆಯ ಮೇಲೆ ಹೊತ್ತು ಆಚೆಗೆ ನಡೆದು ಮತ್ತೆ ನೀರಿಗೆ ಹಾಕಬಹುದು. ರಾಷ್ಟ್ರೀಯ ಜಲಮಾರ್ಗ 21ರ ಉದ್ದಕ್ಕೂ ತಡೆಯಿಲ್ಲದೆ ಸಂಚರಿಸಬಲ್ಲ ಏಕೈಕ ನೌಕೆ ಇದು ಎಂದು ದಪ್ಪಕ್ಷರದಲ್ಲಿ ಮುದ್ರಿಸತಕ್ಕದ್ದು. ಹೊಸದೇ ಬೇಕೆಂದು ಹಟ ಹಿಡಿದರೆ ಮೀನುಗಾರಿಕೆ ಇಲಾಖೆ ಸಹಾಯಧನದಲ್ಲಿ ಕೊಡುವ ಫೈಬರ್ ಹರಗೋಲು ಇದೆ. ಆಕಾರ ಅದೇ, ಡಾಂಬರಿನ ವಾಸನೆ ಇಲ್ಲ.

ದೋಷಗಳನ್ನೂ ಬರೆಯಿರಿ. ಲಕ್ಷಗಟ್ಟಲೆ ಕ್ಯೂಸೆಕ್ ಹರಿಯುವ ನಡುಹೊಳೆಯಲ್ಲಿ ಹರಗೋಲು ಕೈಗೆ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಮೋಟಾರೇ ಬೇಕು, ಲೈಫ್ ಜಾಕೆಟ್ಟೇ ಬೇಕು. ನಮ್ಮಲ್ಲಿ ಹಳೆಯದನ್ನು ಹೊಗಳಲು ಕೂತವರು ಜಾಕೆಟ್ಟಿನ ಮಾತೇ ಎತ್ತುವುದಿಲ್ಲ. ಆದ್ದರಿಂದ ಎರಡೂ ಇರಲಿ: ಹೊಳೆಗೆ ಮೋಟಾರು, ಹೊಲಕ್ಕೆ ಹರಗೋಲು.

ಸಹಾಯಕ ನೌಕೆಗಳ ಪಟ್ಟಿ: ಟ್ರ್ಯಾಕ್ಟರ್ ಟ್ರಾಲಿ (ಎದೆಮಟ್ಟದ ನೀರಿನವರೆಗೆ), ಜೆಸಿಬಿ (ಮುಂದಿನ ಬಕೀಟಿನಲ್ಲಿ ಬಾಣಂತಿ, ಹಿಂದೆ ಗ್ರಾಮ ಪಂಚಾಯ್ತಿ ಸದಸ್ಯರು), ಲಾರಿ ಟ್ಯೂಬು, ಥರ್ಮೋಕೋಲ್ ಹಲಗೆ, ಬೆಲ್ಲ ಕಾಯಿಸುವ ಕಡಾಯಿ. ಕಡಾಯಿ ಬಳಸುವ ಮುನ್ನ ತಳ ತಟ್ಟಿ ನೋಡತಕ್ಕದ್ದು.

ಹಂತ 4

ಈ ಹಂತಕ್ಕೆ ಇನ್ನೂ ಆಡಳಿತಾತ್ಮಕ ಮಂಜೂರಾತಿ ಬಂದಿಲ್ಲ.

ಹಂತ 5: ಸಿಬ್ಬಂದಿ

ಸಂವಿಧಾನದ 371(ಜೆ) ವಿಧಿ ಜಾರಿಯಾದ ಮೇಲೆ ಕಲ್ಯಾಣ ಕರ್ನಾಟಕದ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಇದೆ. ಅಡ್ಮಿರಲ್ ಹುದ್ದೆಗೂ ಇದು ಅನ್ವಯ. ರೋಸ್ಟರ್ ತಯಾರಿಸಲು ಎರಡು ವರ್ಷ, ಅದರ ಮೇಲಿನ ತಕರಾರಿಗೆ ನಾಲ್ಕು ವರ್ಷ, ಅಷ್ಟರಲ್ಲಿ ಎರಡು ಪ್ರವಾಹ ಎಂದು ವೇಳಾಪಟ್ಟಿಯಲ್ಲಿ ಹಿಡಿಯಿರಿ.

ಅಷ್ಟರವರೆಗೆ ಹೊಳೆ ನೋಡಿಕೊಳ್ಳುವವರು ಯಾರು? ಈಗ ನೋಡಿಕೊಳ್ಳುತ್ತಿರುವವರೇ. ಭೀಮೆಯ ಎರಡೂ ದಂಡೆಯ ಕೋಲಿ, ಕಬ್ಬಲಿಗ, ಅಂಬಿಗ ಮನೆತನಗಳಲ್ಲಿ ಬಲೆ, ಹುಟ್ಟು, ಈಜು ಹುಟ್ಟಿನಿಂದ ಬಂದವು. ಎಲ್ಲಿ ಮಡು, ಎಲ್ಲಿ ಹಾಸುಬಂಡೆ, ಯಾವ ತಿರುವಿನಲ್ಲಿ ಸುಳಿ, ಮರಳು ತೆಗೆದು ತೆಗೆದು ಹೊಸದಾಗಿ ಎಲ್ಲಿ ಗುಂಡಿಯಾಗಿದೆ ಎಂಬುದು ಅವರ ಹತ್ತಿರ ಮಾತ್ರ ಇರುವ ನಕ್ಷೆ. ಸರ್ಕಾರ ಪ್ರತಿ ಜನವರಿ 21ಕ್ಕೆ ನಿಜಶರಣ ಅಂಬಿಗರ ಚೌಡಯ್ಯನ ಜಯಂತಿ ಆಚರಿಸುತ್ತದೆ. ಕಚೇರಿಯಲ್ಲಿ ಫೋಟೋಕ್ಕೆ ಹಾರ, ಭಾಷಣ, ಒಂದು ಪ್ಲೇಟ್ ಸುಸಲಾ. ಹನ್ನೆರಡನೇ ಶತಮಾನದಲ್ಲಿ ಎದುರಿಗಿದ್ದವರ ಮುಖ ನೋಡದೆ ಖಡಾಖಡಿ ಮಾತಾಡಿದ ಆ ಅಂಬಿಗ ಈ ಸಭೆಯಲ್ಲಿ ಎದ್ದು ನಿಂತರೆ ಏನು ಹೇಳುತ್ತಿದ್ದನೋ! ಈ ಸಮುದಾಯಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಬೇಡಿಕೆಯ ಫೈಲು ಬೆಂಗಳೂರು ದಿಲ್ಲಿ ನಡುವೆ ಓಡಾಡಿದಷ್ಟು ಯಾವ ಹಡಗೂ ಓಡಾಡಿಲ್ಲ.

ಪ್ರವಾಹದ ಮಾರನೇ ದಿನ ಪತ್ರಿಕೆಯಲ್ಲಿ 'ಸ್ಥಳೀಯರ ನೆರವಿನಿಂದ ರಕ್ಷಣೆ' ಎಂದು ಒಂದು ಸಾಲು ಇರುತ್ತದೆ. ಆ 'ಸ್ಥಳೀಯರು' ಎಂಬವರೇ ನಿಮ್ಮ ನೌಕಾಪಡೆ. ಅವರಿಗೆ ಹೆಸರಿಲ್ಲ, ದರ್ಜೆಯಿಲ್ಲ, ವಿಮೆಯಿಲ್ಲ, ಸಮವಸ್ತ್ರ ಎಂದರೆ ಒದ್ದೆ ಬನಿಯನ್. ವರದಿಯಲ್ಲಿ ಸಿಬ್ಬಂದಿ ವೆಚ್ಚದ ಕಾಲಂ ತುಂಬುವಾಗ ನ್ಯೂಜಿಲೆಂಡಿನ ದಡದಲ್ಲಿ ಕಟ್ಟಿಹಾಕಿದ ಮೂರು ಹಡಗನ್ನು ನೆನೆಸಿಕೊಳ್ಳಿ. ಅಲ್ಲಿ ಹಡಗಿಗೆ ಹಣವಿದ್ದು ಮನುಷ್ಯರು ಸಿಗಲಿಲ್ಲ. ಇಲ್ಲಿ ಮನುಷ್ಯರು ಹೊಳೆಯಲ್ಲೇ ನಿಂತಿದ್ದಾರೆ.

ತರಬೇತಿಯಲ್ಲಿ ಒಂದು ಪಾಠ ಕಡ್ಡಾಯ: ಎಮ್ಮೆ. ಹೊರಗಿನ ಪಡೆಯವರಿಗೆ ಇದು ತಿಳಿಯದೆ ಎಷ್ಟೋ ಹೊತ್ತು ಹಾಳಾಗುತ್ತದೆ. ಬೋಟು ಬಾಗಿಲಿಗೆ ಬಂದು ನಿಂತಿದೆ, ನೀರು ಕಟ್ಟೆ ಮುಟ್ಟಿದೆ, ಆದರೂ ಆಯಿ ಇಳಿಯುವುದಿಲ್ಲ.

'ಆಯಿ, ಬರ್ರಿ, ಲಗೂನ ಹತ್ತರಿ.'

'ಎಮ್ಮಿ?'

'ಎಮ್ಮಿಗಿ ಆಮ್ಯಾಲ ಬರ್ತೀವಿ.'

'ಹಂಗಾರ ನಾನೂ ಆಮ್ಯಾಲೇ ಬರ್ತೀನಪ್ಪಾ. ಅದು ಗಬ್ಬ ಅದ.'

ಕಾಳಜಿ ಕೇಂದ್ರದಲ್ಲಿ ಅನ್ನ ಸಾರು ಉಂಟು, ಮೇವಿಲ್ಲ ಎಂಬುದು ಆಯಿಗೆ ಗೊತ್ತು. ಜೀವ ಉಳಿಸುವ ಲೆಕ್ಕದಲ್ಲಿ ದನವನ್ನು ಸೇರಿಸದ ಯೋಜನೆ ಜನರನ್ನೂ ಉಳಿಸಲಾರದು. ಪಾಯಸ್ ಕಂಡ ಬುಟ್ಟಿದೋಣಿಯಲ್ಲಿ ಎತ್ತಿಗೆ ಜಾಗವಿತ್ತು. 2050ರ ನೌಕೆಯ ನಕ್ಷೆಯಲ್ಲಿ ಗಬ್ಬದ ಎಮ್ಮೆಗೆ ಎಷ್ಟು ಚದರ ಅಡಿ ಎಂದು ಬರೆಯದ ಎಂಜಿನಿಯರರ ಬಿಲ್ಲು ಪಾಸು ಮಾಡತಕ್ಕದ್ದಲ್ಲ.

ಹಡಗಿನ ಅಡುಗೆಮನೆ

ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ. ವಾರಗಟ್ಟಲೆ ಕೆಡುವುದಿಲ್ಲ. ಇಂಗ್ಲಿಷರ ನಾವಿಕರು ಶತಮಾನಗಳ ಕಾಲ ಹುಳ ಹಿಡಿದ ಬಿಸ್ಕತ್ತು ಕುಟ್ಟಿ ತಿನ್ನುತ್ತಿದ್ದಾಗ ನಮ್ಮ ಕಡೆಯ ಯಾವ ಅವ್ವನನ್ನೂ ಕೇಳಲಿಲ್ಲ. ಈ ವಿಭಾಗಕ್ಕೆ ಸಲಹೆಗಾರರು ಬೇಡ.

ಹಂತ 6: ವಾಯು ವಿಭಾಗ ಮತ್ತು ಶತ್ರು

ಆಧುನಿಕ ನೌಕಾಪಡೆಗೆ ಹೆಲಿಕಾಪ್ಟರ್ ಇರಬೇಕು. ಇದರ ಖರ್ಚು ನಿಮ್ಮ ತಲೆಗೆ ಬರುವುದಿಲ್ಲ, ವೈಮಾನಿಕ ಸಮೀಕ್ಷೆ ಎಂಬ ಹೆಸರಿನಲ್ಲಿ ವ್ಯವಸ್ಥೆ ಆಗಲೇ ಇದೆ. 2020ರ ಅಕ್ಟೋಬರ್ ಎರಡನೇ ವಾರದ ಮಳೆಗೆ ಭೀಮೆ ಉಕ್ಕಿದಾಗ ಎನ್‌ಡಿಆರ್‌ಎಫ್ ಬಂತು, ಸೇನೆ ಬಂತು, 21ರಂದು ಮುಖ್ಯಮಂತ್ರಿ ಯಡಿಯೂರಪ್ಪ ಮೇಲಿನಿಂದ ನೋಡಿದರು. 2025ರ ಸೆಪ್ಟೆಂಬರ್ ಕೊನೆಗೆ ಮತ್ತೆ ಉಕ್ಕಿದಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಮೇಲಿನಿಂದ ನೋಡಿದರು. ಪಕ್ಷ ಬದಲಾದರೂ ಎತ್ತರ ಬದಲಾಗಿಲ್ಲ. ಕೆಳಗಿನಿಂದ ನೋಡುವವರಿಗೆ ಹೆಲಿಕಾಪ್ಟರ್ ಚಂದ ಕಾಣುತ್ತದೆ, ಮಕ್ಕಳು ಕೈ ಬೀಸುತ್ತಾರೆ. ತೊಗರಿ ಮುಳುಗಿದ ಹೊಲ ಮೇಲಿನಿಂದ ಬರೀ ಕೆಂಪು ನೀರಾಗಿ ಕಾಣುತ್ತದೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆಯಲ್ಲ, ಆ ಭೂಗೋಳದ ಒಂದಿಷ್ಟು ಭಾಗ ಪ್ರತಿ ಪ್ರವಾಹಕ್ಕೆ ನೀರೊಳಗೆ ಹೋಗುತ್ತದೆ.

ಶತ್ರು ಯಾರು ಎಂಬ ಪುಟವನ್ನು ಖಾಲಿ ಬಿಟ್ಟರೆ ಯೋಜನೆಗೆ ಹಣ ಬರುವುದಿಲ್ಲ. ಪಾಕಿಸ್ತಾನ, ಚೀನಾ ಎಂದು ಬರೆಯಬೇಡಿ. ಸೊನ್ನದವರೆಗೆ ಅವರ ಹಡಗು ಬರಲಾರದು. ಭೀಮೆಯಲ್ಲಿ ನಿಜವಾಗಿ ನಡೆಯುವ ಯುದ್ಧ ಮರಳಿನದು. ಮೇಲ್ಗಡೆ, ಪುಣೆ ಜಿಲ್ಲೆಯ ದೌಂಡ, ಇಂದಾಪುರ ಸೀಮೆಯಲ್ಲಿ ಹೊಳೆಯ ತಳ ಹೀರುವ ಬೋಟುಗಳನ್ನು ಅಲ್ಲಿನ ಕಂದಾಯ ಅಧಿಕಾರಿಗಳು ಹಿಡಿದು ಜಿಲೆಟಿನ್ ಇಟ್ಟು ಹಾರಿಸುತ್ತಾರೆ. ಬಹಮನಿ ಕಾಲದ ನಂತರ ಈ ಕಣಿವೆಯಲ್ಲಿ ಹಡಗು ಮುಳುಗಿಸಿದ ದಾಖಲೆ ತಹಸೀಲ್ದಾರರ ಹೆಸರಿನಲ್ಲೇ ಇದೆ ಎಂದು ನನ್ನ ಅಂದಾಜು. ಅಂಥವರನ್ನು ಪ್ರತಿನಿಯೋಜನೆಯ ಮೇಲೆ ಕರೆಸಿಕೊಳ್ಳಲು ಪ್ರಯತ್ನಿಸಿ.

ಹಂತ 7: ಬೇಸಿಗೆಯ ಕಾರ್ಯಾಚರಣೆ

ವರ್ಷದಲ್ಲಿ ನೌಕಾಪಡೆಗೆ ನೀರು ಸಿಗುವ ದಿನ ಕಡಿಮೆ. ಮೇ ತಿಂಗಳಲ್ಲಿ ಭೀಮೆಯ ಪಾತ್ರದಲ್ಲಿ ಹುಡುಗರು ಸ್ಟಂಪ್ ನೆಡುತ್ತಾರೆ. 2024ರ ಬೇಸಿಗೆಯಲ್ಲಿ ಅಫಜಲಪುರದಲ್ಲಿ ಹೊಳೆಗೆ ನೀರು ಬಿಡಿಸಿರೆಂದು ಉಪವಾಸ ಕೂತಿದ್ದರು. ಆಗ ಪಡೆಯಲ್ಲಿ ಉಳಿಯುವುದು ಟ್ಯಾಂಕರ್ ಮಾತ್ರ. ಅದನ್ನು ಟ್ರ್ಯಾಕ್ಟರ್ ಎಳೆಯುತ್ತದೆ, ಅದರ ಬಂದರು ಪ್ರತಿ ಓಣಿಯ ತುದಿ, ಅಲ್ಲಿ ಬಿಂದಿಗೆಗಳ ಸಾಲು. ಹರಗೋಲನ್ನು ಮನೆಯ ಹಿಂದೆ ಕವುಚಿ ಹಾಕಿದರೆ ಕೆಳಗೆ ಕೋಳಿ ಮರಿ ಮಾಡುತ್ತದೆ. ಹತ್ತು ತಿಂಗಳು ಯುದ್ಧನೌಕೆಯನ್ನು ಹೀಗೆ ದುಡಿಸಿಕೊಳ್ಳುವುದನ್ನು ಬೇರೆ ನೌಕಾಪಡೆಗಳು ಇನ್ನೂ ಕಲಿತಿಲ್ಲ.

ದೊಡ್ಡ ಹಡಗೇ ಬೇಕೆಂದು ಕೊನೆಯವರೆಗೂ ಹಟ ಮಾಡುವ ಸದಸ್ಯರನ್ನು ಕಾರವಾರಕ್ಕೆ ಪ್ರವಾಸ ಕರೆದೊಯ್ಯಿರಿ. ಅಲ್ಲಿ ನಿವೃತ್ತ ಕ್ಷಿಪಣಿ ನೌಕೆ ಐಎನ್‌ಎಸ್ ಚಪಲ್ ಟ್ಯಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಆಗಿ ನಿಂತಿದೆ. ಅದರ ಮುಂದೆ ಫೋಟೋ ತೆಗೆಸಿಕೊಂಡರೆ ಹಟ ಇಳಿಯುತ್ತದೆ. ಪ್ರವಾಸಭತ್ಯೆಯ ಬಿಲ್ಲನ್ನು ಪ್ರತ್ಯೇಕ ಸಲ್ಲಿಸಿ.

ಹಂತ 8: ವರದಿ ಸಲ್ಲಿಕೆ

ವರದಿ ಜೂನ್ ಒಳಗೆ ಹೋಗಬೇಕು. ಜೂನ್ ದಾಟಿದರೆ ಅದನ್ನು ಓದುವ ಅಧಿಕಾರಿಗಳೆಲ್ಲ ಪ್ರವಾಹ ಸಿದ್ಧತಾ ಸಭೆಯಲ್ಲಿರುತ್ತಾರೆ. ನವೆಂಬರ್ ಮೇಲೆ ಬರಗಾಲದ ಸಭೆಯಲ್ಲಿರುತ್ತಾರೆ.

ಪ್ರತಿಗಳನ್ನು ಈ ಕ್ರಮದಲ್ಲಿ ಹಂಚಿ. ಒಂದು ಜಿಲ್ಲಾಧಿಕಾರಿಗಳಿಗೆ. ಒಂದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ. ಅದರಲ್ಲಿ 'ಕಟ್ಟಡ' ಎಂಬ ಪದ ಎಲ್ಲಾದರೂ ಒಂದು ಕಡೆ ಇರಲಿ, ಅನುದಾನ ಬೇಗ ಬರುತ್ತದೆ. ಒಂದು ಪ್ರತಿ ಮರಾಠಿಗೆ ಅನುವಾದಿಸಿ ಉಜನಿಯ ಎಂಜಿನಿಯರರಿಗೆ, ಗೇಟು ಎತ್ತುವ ಮುನ್ನ ಓದಿಕೊಳ್ಳಲಿ ಎಂಬ ಮನವಿಯೊಂದಿಗೆ.

ಕೊನೆಯ ಪ್ರತಿಯನ್ನು ಅಂಚೆಗೆ ಹಾಕಬೇಡಿ. ಘತ್ತರಗಿಗೋ ಸೊನ್ನಕ್ಕೋ ಹೋಗಿ, ಬಲೆ ಬಿಡಿಸುತ್ತ ಕೂತ ಅಂಬಿಗನ ಪಕ್ಕದಲ್ಲಿ ಕೂತು ಓದಿ ಹೇಳಿ. ಆತ ರೇಖಾಚಿತ್ರಗಳನ್ನೆಲ್ಲ ಸಾವಧಾನವಾಗಿ ನೋಡುತ್ತಾನೆ, ಒಂದೆರಡು ಕಡೆ ನಗುತ್ತಾನೆ, ಹಡಗಿನ ತಳ ಇಷ್ಟು ಆಳ ಇದ್ದರೆ ಕಲ್ಲಿಗೆ ಬಡಿಯುತ್ತದೆ ಎಂದು ಬೆರಳಿಟ್ಟು ತೋರಿಸುತ್ತಾನೆ. ಅದನ್ನು ತಿದ್ದಿಕೊಳ್ಳಿ. ಆಮೇಲೆ ಆತ ಕೇಳುತ್ತಾನೆ: 'ಹ್ವಾದ ಸಲ ಮೂರ್ ದಿನ ಹುಟ್ಟು ಹಾಕೀನ್ರಿ. ಕೂಲಿ ಕೊಡ್ತೀವಿ ಅಂದಿದ್ರು. ಅದು ಇದರಾಗ ಎಲ್ಲಿ ಬರದೀರಿ?'

ಅನುಬಂಧ 'ಗ', ಕಾಲಂ 14. ಮೊತ್ತ, ದಿನ, ಹೆಸರು, ಬ್ಯಾಂಕ್ ಖಾತೆ. ಈ ಕಾಲಂ ತುಂಬದ ವರದಿಗೆ ಅಧ್ಯಕ್ಷರು ಸಹಿ ಹಾಕತಕ್ಕದ್ದಲ್ಲ.